ನೀರು ತುಂಬ್ಯದ್ರಿ

ಓಡುವ ಗಾಡಿಯನ್ನು ಸಾಕಬಹುದು, ನಿಂತ ಗಾಡಿಯನ್ನು ಸಾಕುವುದು ಬಲು ಕಷ್ಟ. ಪುಣೆ ಕ್ಯಾಂಪಿನ ನಮ್ಮ ಬ್ಯಾಟರಿ ಅಂಗಡಿಗೆ ಬರುವ ಎಲ್ಲರಿಗೂ ಇದನ್ನು ಹೇಳುತ್ತೇನೆ, ಒಬ್ಬರೂ ಕೇಳುವುದಿಲ್ಲ. ಗಾಡಿಗೆ ಹೊದಿಕೆ ಹೊದಿಸಿ, ಕೀಲಿಯನ್ನು ಗೂಟಕ್ಕೆ ನೇತುಹಾಕಿ ಮರೆತುಬಿಡುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಬಂದು ಕೀಲಿ ತಿರುವಿದರೆ ಅದು 'ಟಕ್' ಎನ್ನುತ್ತದೆ. ಆಗ ನನಗೆ ಫೋನು: "ಏನ್ರೀ, ಎಂಥಾ ಬ್ಯಾಟರಿ ಕೊಟ್ಟೀರಿ?" ಅಯ್ಯಾ, ನಿಂತ ಗಾಡಿಯೂ ಉಣ್ಣುತ್ತದೆ! ಗಡಿಯಾರ, ರಿಮೋಟು ಬೀಗ, ಕಳ್ಳರ ಅಲಾರಂ, ಎಲ್ಲವೂ ಹಗಲು ರಾತ್ರಿ ಅದೇ ಬ್ಯಾಟರಿಯನ್ನು ಚೂರು ಚೂರೇ ತಿನ್ನುತ್ತಿರುತ್ತವೆ.

ನಾನು ಹೇಳಹೊರಟಿರುವ ಗಾಡಿ ಕೋಥರೂಡದ ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತಿತ್ತು. ಅದರ ಒಡತಿ ಬ್ಯಾಂಕಿನಲ್ಲಿ ಕ್ಲಾರ್ಕು. ಮೂಲತಃ ನಮ್ಮ ವಿಜಯಪುರದ ಕಡೆಯವರೇ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ. ಚಿಕ್ಕಂದಿನ ಪೋಲಿಯೋದಿಂದ ಅವರ ಎರಡೂ ಕಾಲುಗಳಲ್ಲಿ ಬಲವಿಲ್ಲ. ಗೇರು ಬದಲಿಸುವ ಗೋಜಿಲ್ಲದ ಸಣ್ಣ ಕಾರು ಕೊಂಡು, ಸ್ಟೇರಿಂಗಿನ ಪಕ್ಕಕ್ಕೆ ಲೋಹದ ಒಂದು ಹಿಡಿಕೆ ಹಾಕಿಸಿಕೊಂಡಿದ್ದರು. ಹಿಡಿಕೆಯನ್ನು ಒತ್ತಿದರೆ ಬ್ರೇಕು, ಎಳೆದರೆ ವೇಗ. ಹತ್ತು ವರ್ಷದ ಮೇಲೆ ಪುಣೆಯ ಟ್ರಾಫಿಕ್ಕಿನಲ್ಲಿ ಕೈಯಿಂದಲೇ ಗಾಡಿ ಓಡಿಸಿದ ಹೆಂಗಸು ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಮುರಿದು ಒಳಗೆ ರಾಡು ಹಾಕಬೇಕಾಯಿತು. ತಾನು ಹೇಳುವವರೆಗೆ ಗಾಡಿ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದರು.

ಇಂದಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಅವರ ಅಣ್ಣ ಬಂದವರೇ ಗಾಡಿ ಮಾರುವ ಮಾತು ತೆಗೆದರು. "ಸಾಕವ್ವಾ ಇನ್ನ ಗಾಡೀ ಸಹವಾಸ. ಊರ ತುಂಬ ಕ್ಯಾಬ್ ಅದಾವ," ಎಂದರು.

"ಕ್ಯಾಬಿನವ ನನ್ನ ವಾಕರ್ ನೋಡಿ ಟ್ರಿಪ್ ಕ್ಯಾನ್ಸಲ್ ಮಾಡ್ತಾನ. ಅದು ಗಾಡಿ ಅಲ್ಲಣ್ಣಾ, ನನ್ನ ಕಾಲು. ಕಾಲು ಮಾರ್ತಾರೇನು ಯಾರರೆ?" ಎಂದರು ಒಡತಿ.

ಈ ಜಗಳದ ನಡುವೆ ನನ್ನನ್ನು ಕರೆಸಿದ್ದರು. ಹಳೆಯ ಬ್ಯಾಟರಿ ಅಷ್ಟರಲ್ಲಿ ಸತ್ತೇ ಹೋಗಿತ್ತು. ಹೊಸದನ್ನು ಹಾಕಿದೆ. ನಿಂತಿರುವಷ್ಟು ಕಾಲ ಮೈನಸ್ ತಂತಿ ಬಿಚ್ಚಿಡೋಣ, ಯಾವ ತಲೆನೋವೂ ಇಲ್ಲ ಎಂದೆ. ಒಡತಿ ಒಪ್ಪಲಿಲ್ಲ. "ಡಾಕ್ಟರ್ ಹ್ಞೂಂ ಅಂದ ದಿನ ನಾ ಇಳದು ಬರ್ತೀನಿ. ಕೀಲಿ ತಿರುವಿದ್ರ ಗಾಡಿ ಚಾಲೂ ಆಗಬೇಕು. ತಂತಿ ಜೋಡಸ್ಲಿಕ್ಕೆ ಯಾರನ್ನೂ ಕರಿಯೂದಿಲ್ಲ," ಎಂದು ಹಟ ಹಿಡಿದರು. ಸರಿ, ಪಾರ್ಕಿಂಗಿನ ಗೋಡೆಯ ಸಾಕೆಟ್ಟಿನಿಂದ ಒಂದು ಸಣ್ಣ ಚಾರ್ಜರ್ ಎಳೆದು ಹಚ್ಚಿದೆ. ಬ್ಯಾಟರಿ ತುಂಬಿದ ಕೂಡಲೇ ತಾನೇ ನಿಲ್ಲುವ, ಇಳಿದ ಕೂಡಲೇ ತಾನೇ ಶುರುವಾಗುವ ಚಾರ್ಜರ್ ಅದು.

ಬ್ಯಾಟರಿಯನ್ನೂ ಬೇಕೆಂದೇ ಮುಚ್ಚಳ ತೆಗೆಯಲು ಬರುವ, ನೀರು ಹಾಕುವ ಜಾತಿಯದನ್ನೇ ಹಾಕಿದ್ದೆ. ಈಗಿನ ಸೀಲ್ ಹೊಡೆದ ಬ್ಯಾಟರಿಗಳ ಒಳಗೆ ಏನಾಗಿದೆ ಎಂದು ಬ್ರಹ್ಮನಿಗೂ ಕಾಣುವುದಿಲ್ಲ. ಇದರಲ್ಲಿ ಆರು ಮನೆಗಳ ಆರು ಮುಚ್ಚಳ ಬಿಚ್ಚಿದರೆ ಒಳಗಿನ ಸೀಸದ ಹಾಳೆಗಳು ನೀರಲ್ಲಿ ಮುಳುಗಿವೆಯೋ ಇಲ್ಲವೋ ಕಣ್ಣಾರೆ ನೋಡಬಹುದು. ಆದರೆ ವಾರಕ್ಕೊಮ್ಮೆ ನೋಡುವವರು ಯಾರು? ಕ್ಯಾಂಪಿನಿಂದ ಕೋಥರೂಡಕ್ಕೆ ವಾರ ವಾರ ಬರುತ್ತಾ ಕುಳಿತರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ.

"ನಾ ನೋಡ್ತೀನಿ ತಗೋರಿ," ಎಂದರು ಒಡತಿಯ ತಾಯಿ. ಅವರನ್ನು ಎಲ್ಲರೂ ಅವ್ವಾರು ಅನ್ನುತ್ತಿದ್ದರು, ನಾನೂ ಅಂದೆ. ಎಪ್ಪತ್ತು ದಾಟಿದ, ಗಟ್ಟಿ ದನಿಯ, ಚುರುಕು ಹೆಂಗಸು. "ಶುಕ್ರವಾರ ಹೆಂಗೂ ಗಾಡಿಗೆ ಕುಂಕುಮ ಹಚ್ಚಲಿಕ್ಕೆ ಇಳೀತೀನಿ. ಆವಾಗ ನೋಡಿದ್ರಾತು."

"ಅಲ್ಲಿ ಕತ್ತಲಿರತದಲ್ರೀ ಅವ್ವಾರ?"

"ಬ್ಯಾಟರಿ ಹಚ್ಚಿ ಬ್ಯಾಟರಿ ನೋಡ್ತೀನಿ," ಎಂದು ಮಗಳ ಮಂಚದ ಕೆಳಗಿದ್ದ ಟಾರ್ಚನ್ನು ಎತ್ತಿ ತೋರಿಸಿದರು.

ಕೈಗವಸು, ಕನ್ನಡಕ ಕೊಟ್ಟೆ. ಮೊದಲು ಚಾರ್ಜರಿನ ಕ್ಲಿಪ್ಪು ತೆಗೆಯಬೇಕು, ಮೋರೆ ಹತ್ತಿರ ಒಯ್ಯಬಾರದು, ಒಳಗಿರುವುದು ಬರಿ ನೀರಲ್ಲ, ಆ್ಯಸಿಡ್ ಬೆರೆತದ್ದು ಎಂದು ಹೇಳಿಕೊಟ್ಟೆ. ಒಂದು ಮಾತನ್ನಂತೂ ಒತ್ತಿ ಒತ್ತಿ ಹೇಳಿದೆ: "ನೀವು ನೋಡಿ ನನಗ ಫೋನ್ ಮಾಡ್ರಿ, ಅಷ್ಟ. ನೀರು ಮಾತ್ರ ನೀವು ಹಾಕಬ್ಯಾಡ್ರಿ. ನಳದ ನೀರು ಬ್ಯಾಟರಿಗೆ ವಿಷ. ಡಿಸ್ಟಿಲ್ಡ್ ವಾಟರ್ ನಾನ ತಂದು ಹಾಕ್ತೀನಿ."

"ತಿಳೀತು ಬಿಡ್ರಿ. ಸಣ್ಣ ಹುಡುಗಿಗೆ ಹೇಳಿದಂಗ ಎಷ್ಟ ಸಲ ಹೇಳ್ತೀರಿ?"

ಮೊದಲ ತಲೆನೋವು ಬೇರೆ ಕಡೆಯಿಂದ ಬಂತು. ಸೊಸೈಟಿಯ ಕಾವಲುಗಾರನಿಗೆ ಆ ಸಾಕೆಟ್ಟು ಕಂಡಿತು. ನನ್ನ ಚಾರ್ಜರಿನ ಪ್ಲಗ್ಗು ಕಿತ್ತು ತನ್ನ ಮೊಬೈಲು ಹಚ್ಚಿಕೊಂಡ. ಮೊಬೈಲು ತುಂಬಿದ ಮೇಲೆ ನನ್ನ ಪ್ಲಗ್ಗನ್ನು ತಿರುಗಿ ಸಿಕ್ಕಿಸಿದನೇ? ಇಲ್ಲ. ಅವ್ವಾರಿಂದ ವಿಷಯ ತಿಳಿದು ಹೋಗಿ ಕೇಳಿದರೆ, "ಅಹೋ, ದೋನ್ ಮಿನಿಟಾಂಸಾಠೀ ಕಾಢಲಾ ಹೋತಾ," ಅಂದ. ಎರಡು ನಿಮಿಷಕ್ಕೆ ತೆಗೆದಿದ್ದನಂತೆ, ಮೂರು ದಿನ ಆಗಿತ್ತು! ನನಗೆ ಸಿಟ್ಟು ನೆತ್ತಿಗೇರಿತು. ಪ್ಲಗ್ಗನ್ನೂ ಸ್ವಿಚ್ಚನ್ನೂ ಸೇರಿಸಿ ಕಪ್ಪು ಟೇಪಿನಲ್ಲಿ ಸುತ್ತಿಬಿಟ್ಟೆ. ಇನ್ನು ಇದನ್ನು ಬಿಚ್ಚಬೇಕಾದರೆ ಕತ್ತಿಯೇ ಬೇಕು, ಹಾಗೆ.

ಆಮೇಲೆ ಶುಕ್ರವಾರದ ಫೋನುಗಳು ಶುರುವಾದವು. ಮೊದಲ ಕೆಲವು ವಾರ ಅವ್ವಾರು, "ನೀರು ಅದ್ರಿ," ಎನ್ನುತ್ತಿದ್ದರು. "ಚೊಲೋ ಆತ್ರಿ," ಎಂದು ಇಟ್ಟುಬಿಡುತ್ತಿದ್ದೆ. ಬೇಸಿಗೆ ಏರಿತು. ಒಂದು ಶುಕ್ರವಾರ ಅವರೆಂದರು, "ನೀರು ತುಂಬ್ಯದ್ರಿ."

"ಭಾಳ ಚೊಲೋ ಆತ್ರಿ ಅವ್ವಾರ."

"ಹೌದ್ರ್ಯಾ? ಆತ ಬಿಡ್ರಿ ಮತ್ತ," ಎಂದು ಇಟ್ಟರು. ಮುಂದಿನ ವಾರವೂ ಅದೇ: "ತುಂಬ್ಯದ್ರಿ, ಮೊನ್ನೇನೂ ಹೇಳಿದ್ದೆ." ಅದರ ಮುಂದಿನ ವಾರ ದನಿ ಸ್ವಲ್ಪ ಏರಿತ್ತು: "ಆರೂ ಮನ್ಯಾಗ ತುಂಬ್ಯದ. ಪೂರ್ತಿ ತುಂಬ್ಯದ. ಕೇಳಿಸ್ತೇನು?" ಕೇಳಿಸದೆ ಏನು, ಕ್ಯಾಂಪಿನ ಗದ್ದಲದಲ್ಲೂ ಗಂಟೆ ಹೊಡೆದಂತೆ ಕೇಳಿಸಿತು. "ಹಿಂಗ ಇರಲಿ ಬಿಡ್ರಿ," ಎಂದು ಸಂತೋಷದಿಂದಲೇ ಹೇಳಿದೆ. ನನ್ನ ಗಿರಾಕಿಗಳಲ್ಲಿ ಇಷ್ಟು ಶಿಸ್ತಿನವರು ಇನ್ನೊಬ್ಬರಿಲ್ಲ ಎಂದುಕೊಂಡೆ.

ಅಷ್ಟರಲ್ಲಿ ಅಣ್ಣ ಇಂದಾಪುರದಿಂದ ಬಂದು, ನೋಡೋಣ ಎಂದು ಕೀಲಿ ತಿರುವಿದ್ದಾರೆ. ಟಕ್. ಇನ್ನೊಮ್ಮೆ. ಟಕ್ ಟಕ್. ನನಗೆ ಫೋನು ಬಂತು.

"ಹೊಸಾ ಬ್ಯಾಟರಿ ಅಂದ್ರಿ, ಚಾರ್ಜರ್ ಅಂದ್ರಿ. ಗಾಡೀನ ಕೆಟ್ಟದ್ರಿ ಇದು. ಆ ಹಿಡಕಿ ಹಚ್ಚೂ ಮುಂದ ವೈರಿಂಗ್ ಎಲ್ಲಾ ಹಾಳ ಮಾಡ್ಯಾರ. ಎಷ್ಟ ಬ್ಯಾಟರಿ ಹಾಕಿದ್ರೂ ನುಂಗತದ. ನಾಳೆ ನಟ್ಟ ನಡು ರಸ್ತೆದಾಗ ನಿಂತರ ಆಕಿ ಇಳದು ದಬ್ಬತಾಳೇನು?"

ಆ ಕಡೆಯ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಿತ್ತು, ನನಗೂ ಗೊತ್ತಾಯಿತು. ತಂಗಿ ಬಿದ್ದ ದಿನದಿಂದ ಆ ಮನುಷ್ಯನಿಗೆ ನಿದ್ದೆಯಿಲ್ಲ. ಆದರೂ ನನ್ನ ಬ್ಯಾಟರಿಗೆ ಅಂದರೆ ನಾನು ಸುಮ್ಮನಿರುವುದು ಹೇಗೆ? ಮರುದಿನ ಮೀಟರು, ಫ್ಯೂಸು ಕೀಳುವ ಇಕ್ಕಳ ಎಲ್ಲ ಕಟ್ಟಿಕೊಂಡು ಹೋದೆ.

ಗಾಡಿ ಬಂದ್ ಇರುವಾಗ ಕರೆಂಟು ಯಾರು ಕದಿಯುತ್ತಾರೆ ಎಂದು ಹುಡುಕುವುದು ತಾಳ್ಮೆಯ ಕೆಲಸ. ಮೈನಸ್ ತಂತಿ ಬಿಚ್ಚಿ ನಡುವೆ ಮೀಟರು ಕೂರಿಸಬೇಕು. ಬಾಗಿಲು ಮುಚ್ಚಿ, ಗಾಡಿ ನಿದ್ದೆ ಹೋಗುವವರೆಗೆ ಕಾಯಬೇಕು. ಆಮೇಲೆ ಒಂದೊಂದೇ ಫ್ಯೂಸು ಕಿತ್ತು, ಮೀಟರಿನ ಮುಳ್ಳು ಎಲ್ಲಿ ಇಳಿಯುತ್ತದೆ ಎಂದು ನೋಡಬೇಕು. ನಿದ್ದೆ ಹೋಗುವ ಹೊತ್ತಿಗೆ ಸರಿಯಾಗಿ ಕಾವಲುಗಾರ ಬಂದು, "ಕಾಯ ಝಾಲಂ ಸಾಹೇಬ?" ಅಂದರೆ ಏನಾಯಿತು ಎಂದು ಕೇಳುತ್ತಾ ಬಾಗಿಲು ತೆಗೆದ. ಗಾಡಿ ಎದ್ದು ಕುಳಿತಿತು. ಮತ್ತೆ ಮೊದಲಿನಿಂದ. ಮೈ ಪರಚಿಕೊಳ್ಳುವಂತಾಯಿತು.

ಕೊನೆಗೂ ಒಬ್ಬ ಕಳ್ಳ ಸಿಕ್ಕ. ಹಿಡಿಕೆಗೆ ಸೇರಿಸಿದ್ದ ಬ್ರೇಕ್ ದೀಪದ ಸ್ವಿಚ್ಚು ಒಮ್ಮೊಮ್ಮೆ ಅರ್ಧಕ್ಕೇ ಸಿಕ್ಕಿಕೊಂಡು, ಒಂದು ದೀಪ ಹೊದಿಕೆಯ ಒಳಗೆ ಮಂಕಾಗಿ ಉರಿಯುತ್ತಿತ್ತು. ಸ್ವಿಚ್ಚು ಬದಲಿಸಿದೆ. ಬ್ಯಾಟರಿಯ ನೀರು ಹೇಗಿದೆ ಎಂದು ಪಕ್ಕದಲ್ಲೇ ನಿಂತಿದ್ದ ಅವ್ವಾರನ್ನು ಕೇಳಿದೆ.

"ನಿನ್ನೇನ ಹೇಳೀನಿ. ತುಂಬ್ಯದ," ಎಂದರು ಬಿಗಿಯಾಗಿ.

ಹಾಗಿದ್ದಮೇಲೆ ಮುಚ್ಚಳ ಯಾಕೆ ಬಿಚ್ಚಲಿ? ಅವುಗಳ ಮೇಲೆ ಕುಂಕುಮ, ದಾಸವಾಳ ಬೇರೆ ಇದ್ದವು. ಕಳ್ಳನಂತೂ ಸಿಕ್ಕಿದ್ದಾನೆ. ಅಂಗಡಿಯ ಟೆಂಪೋದಲ್ಲಿ ತಂದಿದ್ದ ಬೇರೆ ಬ್ಯಾಟರಿಯಿಂದ ತಂತಿ ಜೋಡಿಸಿ ಗಾಡಿ ಚಾಲೂ ಮಾಡಿದೆ, ಅರ್ಧ ಗಂಟೆ ಓಡಿಸಿದೆ, ಚಾರ್ಜರ್ ಹಚ್ಚಿ, ಮತ್ತೆ ಟೇಪು ಸುತ್ತಿದೆ. ಮೂರನೆಯ ಮಹಡಿಯ ಬಾಲ್ಕನಿಯಿಂದ ಒಡತಿ ಕೂಗಿದರು, "ಆತೇನ್ರಿ?"

"ಆತ್ರೀ! ಇನ್ನ ಚಿಂತಿಲ್ಲ!"

ಗುಡ್ಡ ಅಗೆದು ಇಲಿ ಹಿಡಿದಿದ್ದೆ, ಹುಲಿ ಹಿಡಿದವನ ಹಾಗೆ ಕೂಗಿದೆ. ಅವ್ವಾರು ನನ್ನನ್ನೇ ಒಂದು ಥರ ನೋಡುತ್ತಾ ನಿಂತಿದ್ದರು. "ಮತ್ತ ಆ ನೀರಿಂದು?" ಎಂದರು. "ತುಂಬ್ಯದಂತ ನೀವ ಅಂದ್ರೆಲ್ರಿ, ಹಂಗ ಇರಲಿ," ಎಂದು ಟೆಂಪೋ ಹತ್ತಿದೆ.

ಕೆಲವು ವಾರ ಕಳೆಯಿತು. ಅಣ್ಣ ಮತ್ತೆ ಬಂದರು, ಮತ್ತೆ ಕೀಲಿ, ಮತ್ತೆ ಟಕ್. ಈ ಸಲ ಅವರು ಕೂಗಲಿಲ್ಲ, ಅದು ಇನ್ನೂ ಕೆಟ್ಟದ್ದು. "ನೋಡ್ರಿ, ಒಬ್ಬ ಗಿರಾಕಿ ಸಿಕ್ಕಾನ. ಐತವಾರ ಮುಂಜಾನೆ ಕರಕೊಂಡ ಬರ್ತೀನಿ. ತಂಗಿಗೆ ಮಾತ ಕೊಟ್ಟೀನಿ, ಆವತ್ತು ಇದ ಬ್ಯಾಟರಿ ಮ್ಯಾಲೆ ಗಾಡಿ ಚಾಲೂ ಆದ್ರ ಇಟಗೋಬಹುದು, ಇಲ್ಲಂದ್ರ ಕೊಟ್ಟಬಿಡೂದು. ಇನ್ನೊಂದು ಹೊಸಾದು ಹಾಕಿ ಚಾಲೂ ಮಾಡಿ ತೋರಸೂ ಆಟ ಬ್ಯಾಡ. ಹೊಸಾದು ಹಾಕಿದ್ರ ಯಾವ ಗಾಡೀನೂ ಚಾಲೂ ಆಗತದ."

ಇಷ್ಟಾದದ್ದು ಶುಕ್ರವಾರ. ಅಂಗಡಿಯಲ್ಲಿ ಕುಳಿತು ತಲೆ ಚಚ್ಚಿಕೊಂಡೆ. ಕಳ್ಳ ಸ್ವಿಚ್ಚು ಹೋಯಿತು, ಚಾರ್ಜರ್ ಹಚ್ಚಿದೆ, ನೀರು ತುಂಬಿದೆ, ಬ್ಯಾಟರಿ ಹೊಸದು. ಹಾಗಾದರೆ ಸಾಯುವುದು ಯಾಕೆ? ಅಣ್ಣ ಹೇಳಿದ್ದೇ ನಿಜವೋ ಏನೋ, ಗಾಡಿಯೇ ಕೆಟ್ಟಿರಬೇಕು ಎನ್ನುವಷ್ಟರ ಮಟ್ಟಿಗೆ ಬಂದೆ. ಆಗ ಮನೆಯಿಂದ ನನ್ನ ಹೆಂಡತಿಯ ಫೋನು.

"ಬರೂ ಮುಂದ ಎಣ್ಣಿ ತರ್ರಿ, ತುಂಬ್ಯದ."

"ಹ್ಞೂಂ," ಎಂದು ಇಟ್ಟೆ. ದಾರಿಯಲ್ಲಿ ಕಿರಾಣಿ ಅಂಗಡಿಗೆ ಹೋಗಿ ಒಂದು ಲೀಟರಿನ ಪಾಕೀಟು ತೆಗೆದುಕೊಂಡೆ. ಅದು ಕೈಯಲ್ಲಿದ್ದಂತೆಯೇ ಕಾಲು ನೆಲಕ್ಕೆ ಅಂಟಿತು. ತುಂಬಿದ್ದರೆ ನಾನು ಎಣ್ಣೆ ಯಾಕೆ ಕೊಳ್ಳುತ್ತಿದ್ದೇನೆ?

ನಮ್ಮ ಕಡೆಯ ಮನೆಗಳಲ್ಲಿ ಎಣ್ಣೆ ಮುಗಿಯುವುದಿಲ್ಲ. ಅಕ್ಕಿ, ಉಪ್ಪು, ಅರಿಶಿನ ಯಾವುದೂ ಮುಗಿಯುವುದಿಲ್ಲ. 'ಇಲ್ಲ' ಎಂಬ ಮಾತು ಮನೆಯೊಡತಿಯ ಬಾಯಲ್ಲಿ ಬರಬಾರದು, ಅದರಲ್ಲೂ ಶುಕ್ರವಾರ ಬರಲೇಬಾರದು. ಹಾಗಂದರೆ ಅದೇ ನೆಪ ಮಾಡಿಕೊಂಡು ಲಕ್ಷ್ಮಿ ಎದ್ದು ಹೋಗುತ್ತಾಳೆ. ಡಬ್ಬಿಯ ತಳ ಕಂಡಾಗ ಅವರು ಹೇಳುವುದು, 'ತುಂಬ್ಯದ'. ಪುಣೆಯ ಮರಾಠಿಯವರು ತೆಂಗಿನಕಾಯಿ 'ಒಡೆದೆವು' ಎನ್ನದೆ 'ಹೆಚ್ಚಿಸಿದೆವು' ಎನ್ನುವ ಹಾಗೆ. ಹುಟ್ಟಿದಾಗಿನಿಂದ ಈ ಮಾತು ಕೇಳಿ, ತುಂಬಿದ ಡಬ್ಬಿಗಳಿಗಾಗಿ ಅಂಗಡಿಗೆ ಓಡಿದವನು ನಾನು. ಆದರೆ ಮನೆಯ ಕಿವಿ ಬೇರೆ, ಅಂಗಡಿಯ ಕಿವಿ ಬೇರೆ. ಬ್ಯಾಟರಿಯ ವಿಷಯದಲ್ಲಿ 'ತುಂಬ್ಯದ' ಅಂದರೆ ನನಗೆ ತುಂಬಿದೆ ಎಂದೇ ಕೇಳಿಸಿತು. ಯಾರೂ ಒಂದು ಹನಿ ಹಾಕದೆ, ಮೊದಲು ಬರಿ 'ಇದ್ದ' ನೀರು ಆಮೇಲೆ ಹೇಗೆ 'ತುಂಬಿತು' ಎಂದು ಕೂಡ ಈ ಮಂಕುದಿಣ್ಣೆಗೆ ಹೊಳೆಯಲಿಲ್ಲ.

ಅಂಗಡಿಯ ಮುಂದೆಯೇ ನಿಂತು ಅವ್ವಾರಿಗೆ ಫೋನು ಮಾಡಿದೆ. "ಅವ್ವಾರ, ಬ್ಯಾಟರ್ಯಾಗ ನೀರು ತುಂಬ್ಯದ ಅಂದ್ರ... ಎಣ್ಣಿ ತುಂಬಿದಂಗ ತುಂಬ್ಯದೇನ್ರಿ?"

"ಮತ್ತ್ಯಾವ ನಮೂನಿ ತುಂಬತದ?" ಎಂದರು ಅವ್ವಾರು. ಆಮೇಲೆ ಕಟ್ಟೆ ಒಡೆಯಿತು. "ಎಷ್ಟ ಶುಕ್ರವಾರ ಬಡಕೊಂಡೆ ನಿಮ್ಮ ಮುಂದ! ತುಂಬ್ಯದ, ಬರ್ರಿ, ಅಂತ. ನೀವು ಚೊಲೋ ಆತು, ಚೊಲೋ ಆತು! ಏನ್ ಚೊಲೋ ಆತು? ನಾ ಹಾಕ್ತೀನಂದ್ರ ನೀವ ಬ್ಯಾಡಂದ್ರಿ, ನೀವರೆ ತರಲಿಲ್ಲ. ಮನಿಷ್ಯಾಗ ಕಿವಿ ಮಂದ ಆಗ್ಯಾವೋ ಏನೋ ಅಂತ ಮಗಳ ಮುಂದ ಹೇಳಿದೆ. ನಿಮಗ ಕನ್ನಡಾ ಬರತದೋ ಇಲ್ಲೋ?"

"ಒಂದ ಸಲ ಮುಗದದ ಅನ್ನಬಾರದೇನ್ರಿ?"

"ಬಿಡ್ತು ಅನ್ರಿ! ಶುಕ್ರವಾರ ದಿನ, ಮಗಳ ಗಾಡಿ ಮುಂದ ನಿಂತು ಹಂಗಂತಾರೇನು?"

"ಮರಾಠಿಯೊಳಗರೆ ಹೇಳಬೇಕಾಗಿತ್ತು. 'ಸಂಪಲಂ' ಅಂದಿದ್ರ ತಿಳೀತಿತ್ತು. ಲಕ್ಷ್ಮಿಗೆ ಮರಾಠಿ ಬರಂಗಿಲ್ಲ."

"ಕೊಲ್ಹಾಪುರದಾಕಿ ಆಕಿ! ಬರಲಾರದ ಏನ ಮಾಡ್ತದ?" ಎಂದು ಫೋನು ಕುಕ್ಕಿದರು.

ಶನಿವಾರ ಮುಂಜಾನೆಯೇ ಹೋಗಿ ಮುಚ್ಚಳ ಬಿಚ್ಚಿದೆ. ಆರಕ್ಕೆ ಆರೂ ಮನೆಗಳಲ್ಲಿ ಸೀಸದ ಹಾಳೆಗಳು ತುದಿ ಬಿಳಚಿಕೊಂಡು ಹೊರಗೆ ಕಾಣುತ್ತಿದ್ದವು. ನೀರು ಅರ್ಧಕ್ಕಿಂತ ಕೆಳಗೆ. ಚಾರ್ಜರಿಗೆ ಮೀಟರು ಹಿಡಿದೆ. ತಾನೇ ನಿಲ್ಲಬೇಕಾಗಿದ್ದ ಚಾರ್ಜರ್ ಒಳಗೇ ಕೆಟ್ಟು, ನಿಲ್ಲುವುದನ್ನೇ ಮರೆತಿತ್ತು. ಹಗಲು ರಾತ್ರಿ, ಬೇಸಿಗೆಯುದ್ದಕ್ಕೂ ಬ್ಯಾಟರಿಯನ್ನು ಕುದಿಸಿ ನೀರು ಹಾರಿಸಿದೆ. ಆ ಕಾವಲುಗಾರನಾದರೂ ನಡುನಡುವೆ ಪ್ಲಗ್ಗು ಕಿತ್ತಿದ್ದರೆ ಬ್ಯಾಟರಿ ಉಳಿಯುತ್ತಿತ್ತು. ಅವನು ಕೀಳದ ಹಾಗೆ ಟೇಪು ಸುತ್ತಿದ ಮಹಾಶಯ ನಾನೇ! ಅವನು ಅದನ್ನು ಅರ್ಥಮಾಡಿಕೊಂಡು ನಗುತ್ತಾ ನಿಂತಿದ್ದ. ಬೈಯಲು ನನಗೆ ಬಾಯಿರಲಿಲ್ಲ, ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ಒಣಗಿದ ಬ್ಯಾಟರಿಯನ್ನು ಬದುಕಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹಾಳೆಗಳು ಮುಳುಗುವಷ್ಟೇ ನೀರು ಹಾಕಬೇಕು, ಗೆರೆಯ ತನಕ ಹಾಕಬಾರದು; ಚಾರ್ಜ್ ಆಗುತ್ತಾ ನೀರು ತಾನೇ ಏರುತ್ತದೆ, ಮೊದಲೇ ತುಂಬಿಸಿದರೆ ಆ್ಯಸಿಡ್ ಉಕ್ಕುತ್ತದೆ. ಕರೆಂಟು ತೀರಾ ಮೆಲ್ಲಗೆ ಕೊಡಬೇಕು, ಹಸುಳೆಗೆ ಹಾಲು ಕುಡಿಸಿದ ಹಾಗೆ. ಮುಚ್ಚಳ ಸಡಿಲ ಬಿಡಬೇಕು, ಸುತ್ತ ಗಾಳಿಯಾಡಬೇಕು, ಬೀಡಿ ಸಿಗರೇಟಿನವರನ್ನು ಅತ್ತ ಓಡಿಸಬೇಕು. ಅಂಗಡಿಯಿಂದ ತಂದ ಒಳ್ಳೆಯ ಚಾರ್ಜರ್ ಹಚ್ಚಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತೆ. ಇನ್ನು ಯಾರ ಮಾತನ್ನೂ ನಂಬುವುದಿಲ್ಲ, ನನ್ನ ಕಣ್ಣಿನದು ಬಿಟ್ಟು.

ಗಾಜಿನ ನಳಿಗೆಯೊಳಗೆ ತೇಲುವ ಬುರುಡೆಯಿರುವ ಹೈಡ್ರೋಮೀಟರಿನಿಂದ ಒಂದೊಂದು ಮನೆಯ ನೀರನ್ನೂ ಹೀರಿ ನೋಡುತ್ತಿದ್ದೆ. ಬುರುಡೆ ಮೇಲೆದ್ದರೆ ಜೀವ ಬರುತ್ತಿದೆ ಎಂದರ್ಥ. ಮಧ್ಯಾಹ್ನದ ಹೊತ್ತಿಗೆ ಐದು ಮನೆಗಳಲ್ಲಿ ಬುರುಡೆ ನಿಧಾನಕ್ಕೆ ಎದ್ದಿತು. ಒಂದರಲ್ಲಿ ಮಾತ್ರ ತಳ ಬಿಟ್ಟು ಏಳಲೊಲ್ಲದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಬಾಲ್ಕನಿಯಿಂದ ಒಡತಿಯ ದನಿ ಬಂತು. "ಏನಾಗ್ಯದ ಅಂತ ನನಗ ಯಾರರೆ ಹೇಳ್ತೀರೇನು? ಗಾಡಿ ನಂದು!"

ಕೂಗಿ ಎಲ್ಲವನ್ನೂ ಹೇಳಿದೆ, 'ತುಂಬ್ಯದ' ಸಮೇತ. ಮೇಲಿನಿಂದ ನಗು ಕೇಳಿತು. ಆಮೇಲೆ ನಗು ನಿಂತು ಸಿಟ್ಟು ಬಂತು. "ಅವ್ವ ನೋಡ್ತಾಳ, ನೀವು ಕೇಳ್ತೀರಿ, ಅಣ್ಣ ಕೀಲಿ ತಿರುವ್ತಾನ. ನನ್ನ ಒಬ್ಬರರೆ ಕೇಳಿದ್ರೇನು? ಗುರುವಾರ ಡಾಕ್ಟರ್ ಹತ್ತರ ಹೋಗಿದ್ದೆ. ಸಮೀಪ ಅಂದ್ರ ಓಡಸಬಹುದು ಅಂದಾರ. ಅಣ್ಣಗ ಹೇಳಿದ್ರ ಕೇಳವೊಲ್ಲ, ಮೊದಲ ಗಾಡಿ ಚಾಲೂ ಆಗಲಿ ಅಂತಾನ."

ಐತವಾರ ಬೆಳಿಗ್ಗೆ ಮತ್ತೆ ಬಂದು ಉಳಿದ ಚಾರ್ಜು ಕೊಟ್ಟೆ. ಒಮ್ಮೆಗೇ ಜೋರಾಗಿ ಕರೆಂಟು ಎಳೆದು ಪರೀಕ್ಷಿಸಿದೆ. ಆ ಒಂದು ಮನೆ ಕುಂಟುತ್ತಲೇ ಇತ್ತು. ಇಂಜಿನನ್ನು ಒಂದು ಸಲ ತಿರುಗಿಸುವಷ್ಟು ಜೀವ ಇದೆ, ಎರಡನೆಯ ಸಲಕ್ಕೆ ಭರವಸೆಯಿಲ್ಲ ಎಂದು ನನ್ನ ಅಂದಾಜು.

ಟೆಂಪೋದಲ್ಲಿ ಅದೇ ಕಂಪನಿಯ, ಅದೇ ಬಣ್ಣದ ಹೊಸ ಬ್ಯಾಟರಿ ಇತ್ತು. ಎರಡು ನಟ್ಟು ಬಿಚ್ಚಿ ಬದಲಿಸಿ, ಮೇಲೆ ಒಂದು ಚಿಟಿಕೆ ಕುಂಕುಮ ಉದುರಿಸಿದರೆ ಅಣ್ಣನಿಗಲ್ಲ, ಅವರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಸ್ಪ್ಯಾನರ್ ಕೈಗೆ ತೆಗೆದುಕೊಂಡೆ ಕೂಡ. ಆದರೆ ಅವ್ವಾರು ನನ್ನ ಕೈಯನ್ನೇ ನೋಡುತ್ತಿದ್ದರು.

"ಅದನ್ನ ಹಾಕಿದ್ರ ಚಾಲೂ ಆಗೇ ಆಗತದೇನ್ರಿ?"

"ಆಗೇ ಆಗತದ್ರಿ."

"ಮತ್ತ ಗಾಡಿ ಚೊಲೋ ಅದ ಅಂತ ಯಾರಿಗೆ ತಿಳೀತು?" ಎಂದರು.

ಅದೇ ಮಾತು. ಕದ್ದು ಚಾಲೂ ಮಾಡಿದರೆ ಇವತ್ತು ಗೆದ್ದೆ. ಆದರೆ ಅಣ್ಣನ ಹೆದರಿಕೆ ಹಾಗೇ ಉಳಿಯುತ್ತದೆ, ಮುಂದಿನ ತಿಂಗಳು ಇನ್ನೊಬ್ಬ ಗಿರಾಕಿ ಬರುತ್ತಾನೆ. ಸ್ಪ್ಯಾನರನ್ನು ಚೀಲಕ್ಕೆ ಹಾಕಿದೆ. ಇದು ಪ್ರಾಮಾಣಿಕತೆ ಗೀಮಾಣಿಕತೆ ಏನಲ್ಲ, ಬರಿ ಹಟ. ಗಾಡಿ ತಪ್ಪು ಮಾಡಿಲ್ಲ, ತಪ್ಪು ಮಾಡಿದ್ದು ಚಾರ್ಜರ್ ಮತ್ತು ನಾವಿಬ್ಬರು. ಅದು ಎಲ್ಲರ ಕಣ್ಣೆದುರು ರುಜುವಾತಾಗಬೇಕಿತ್ತು.

ಅಣ್ಣ ಗಿರಾಕಿಯನ್ನು ಕರೆತಂದರು. ಹಿಂಜವಾಡಿಯ ಒಬ್ಬ ಸಾಫ್ಟ್‌ವೇರಿನ ಯುವಕ, ಬೆಂಗಳೂರು ಕಡೆಯವನು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಬಗ್ಗಿ ನೋಡಿ, "ಸರ್, ಈ ಲಿವರ್ ತೆಗೆಸ್ಬಿಡ್ಬೋದಲ್ವಾ? ಇಟ್ಸ್ ಇನ್ ದ ವೇ," ಎಂದ. ಪಾಪ, ಅವನದೇನು ತಪ್ಪು? ಆದರೂ ಅವ್ವಾರು ಮುಖ ತಿರುಗಿಸಿದರು.

ನಡೆದದ್ದನ್ನು ಅಣ್ಣನಿಗೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಹಂಗಂತೀರಿ? ಕೊಡ್ರಿ ಕೀಲಿ, ನೋಡೇಬಿಡೂಣು," ಎಂದು ಕೈ ಚಾಚಿದರು.

ಕೀಲಿ ಕೊಡಲಿಲ್ಲ ನಾನು. "ಒಂದ ಸಲ ತಿರುಗತದ್ರಿ ಇದು. ಎರಡನೇ ಸಲಕ್ಕ ನನ್ನ ಗ್ಯಾರಂಟಿ ಇಲ್ಲ. ಆ ಒಂದು ಸಲ ಯಾರ ಗಾಡಿನೋ ಅವರ ತಿರುವಬೇಕು."

"ಆಕಿ ಹ್ಯಾಂಗ ಬರ್ತಾಳ್ರಿ ಕೆಳಗ?"

ಅಷ್ಟರಲ್ಲಿ ಲಿಫ್ಟಿನ ಬಾಗಿಲು ಸರಿಯಿತು. ಒಡತಿ ವಾಕರ್ ಹಿಡಿದು ನಿಂತಿದ್ದರು, ಆಫೀಸಿಗೆ ಹೊರಟವರಂತೆ ಇಸ್ತ್ರಿ ಸೀರೆ ಉಟ್ಟು, ಹೆಗಲಿಗೆ ಪರ್ಸು ಹಾಕಿಕೊಂಡು. ಅಣ್ಣ ಹಿಡಿದುಕೊಳ್ಳಲು ಓಡಿದರು. "ದೂರ ನಿಂದ್ರು," ಎಂದರು ಒಡತಿ. ಸಾವಕಾಶ ಬಂದು, ನನ್ನಿಂದ ಕೀಲಿ ಇಸಿದುಕೊಂಡು, ಬಾಗಿಲು ತೆಗೆದು, ಮೊದಲು ಕುಳಿತು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಹಿಡಿಕೆಯನ್ನು ಒಮ್ಮೆ ಒತ್ತಿ, ಒಮ್ಮೆ ಎಳೆದು ನೋಡಿದರು. ಎ.ಸಿ. ಬಂದ್ ಇದೆಯೇ, ದೀಪ ಬಂದ್ ಇವೆಯೇ ಎಂದು ನಾನು ಹೇಳುವ ಮೊದಲೇ ನೋಡಿಕೊಂಡರು. ಕೀಲಿಯನ್ನು ಅರ್ಧ ತಿರುವಿ, ಪೆಟ್ರೋಲ್ ಪಂಪಿನ ಗುಂಯ್ ಸದ್ದು ನಿಲ್ಲುವವರೆಗೆ ತಡೆದರು.

ಪೂರ್ತಿ ತಿರುವಿದರು. ಇಂಜಿನು ಒಂದು ಸುತ್ತು ಭಾರವಾಗಿ ನರಳಿತು, ಎರಡನೆಯದಕ್ಕೆ ಇನ್ನೇನು ನಿಂತಿತು ಎನ್ನುವಂತಾಯಿತು, ಮೂರನೆಯದಕ್ಕೆ ಹಿಡಿದುಕೊಂಡಿತು. ಪಾರ್ಕಿಂಗಿನ ತುಂಬ ಅದರ ಸದ್ದು.

ಒಡತಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅಳುತ್ತಿದ್ದರು, ಎಡಗೈ ಮಾತ್ರ ಹಿಡಿಕೆ ಬಿಟ್ಟಿರಲಿಲ್ಲ. ಅಣ್ಣ ಬಾಗಿಲ ಪಕ್ಕ ನಿಂತು ನೆಲ ನೋಡುತ್ತಿದ್ದರು. ನನಗೂ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅವ್ವಾರು ಕಿಟಕಿಯಲ್ಲಿ ತಲೆಯಿಟ್ಟು ಮುಂದಿನ ಫಲಕವನ್ನು ನೋಡಿದರು. ಅಲ್ಲೊಂದು ಹಳದಿ ದೀಪ ಉರಿಯುತ್ತಿತ್ತು. "ಅಯ್ಯ, ಪೆಟ್ರೋಲ್ ತುಂಬ್ಯದಲ್ಲವಾ!" ಎಂದರು.

"ಫುಲ್ ಟ್ಯಾಂಕಾ ಆಂಟಿ? ಸೂಪರ್!" ಎಂದ ಸಾಫ್ಟ್‌ವೇರಿನ ಯುವಕ.

ಅಣ್ಣ ಮೊದಲು ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. ಗೋಡೆಗೆ ಕೈಕೊಟ್ಟು ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಯುವಕನ ಹೆಗಲ ಮೇಲೆ ಕೈಯಿಟ್ಟು, "ನಿಮಗ ಬ್ಯಾರೆ ಗಾಡಿ ನೋಡೂಣ್ರಿ ತಮ್ಮಾ," ಎಂದರು. ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಕುಳಿತರು.

"ಪಂಪ್ ಎಲ್ಲದ ನೆನಪದ ಇಲ್ಲ? ನಡಿ, ಸಾವಕಾಶ ಹೊಡಿ," ಎಂದರು ತಂಗಿಗೆ.

ಗಾಡಿ ಗೇಟು ದಾಟಿ ಎಡಕ್ಕೆ ಹೊರಳಿದ ಮೇಲೆ ನನಗೆ ಹೊಳೆಯಿತು. ಪಂಪಿನಲ್ಲಿ ಇಂಜಿನು ಬಂದ್ ಮಾಡದೆ ಪೆಟ್ರೋಲು ಹಾಕುವುದಿಲ್ಲ. ಬಂದ್ ಮಾಡಿದರೆ ಆ ಬ್ಯಾಟರಿಯ ಮೇಲೆ ಇನ್ನೊಮ್ಮೆ ಚಾಲೂ ಆಗುವುದಿಲ್ಲ. ಅಯ್ಯ ಶಿವನೇ ಎಂದುಕೊಂಡು, ಹೊಸ ಬ್ಯಾಟರಿಯಿದ್ದ ಟೆಂಪೋ ಹತ್ತಿ ಅವರ ಬೆನ್ನು ಹಿಡಿದೆ.